ದನಿ ಬೆಚ್ಚಗಿಡುವ ಉದ್ಯೋಗ

ನನಗೊಂದು ಚಾಳಿ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರ ಮನೆಗೇ ಹೋಗಲಿ, ಹೊಸ್ತಿಲು ದಾಟಿದ ಕೂಡಲೇ ಒಂದು ಚಪ್ಪಾಳೆ ತಟ್ಟುತ್ತೇನೆ. ತಟ್ಟಿ, ಕತ್ತು ವಾರೆ ಮಾಡಿ, ಆ ಸಪ್ಪಳ ಗೋಡೆ ಮುಟ್ಟಿ ಹೇಗೆ ಹಿಂದಿರುಗುತ್ತದೆಂದು ಕೇಳುತ್ತೇನೆ. ಖಾಲಿ ಕೋಣೆಯಾದರೆ ಅದು ತಗಡಿನ ಮೇಲೆ ಕಡಲೆ ಸುರಿದ ಹಾಗೆ ಬರುತ್ತದೆ. ಹಾಸಿಗೆ ದಿಂಬು ಒಟ್ಟಿದ ಕೋಣೆಯಾದರೆ ಹೋದ ಸಪ್ಪಳ ಬರುವುದೇ ಇಲ್ಲ, ಅಲ್ಲೇ ಮಲಗಿಬಿಡುತ್ತದೆ. ಸಂಡೂರಿನಲ್ಲಿ ಪರಿಚಯದವರೊಬ್ಬರ ತಂದೆ ತೀರಿಕೊಂಡಾಗ ಮಾತಾಡಿಸಿಕೊಂಡು ಬರಲು ಹೋಗಿದ್ದೆ. ಎತ್ತರದ ಪಡಸಾಲೆ, ಸಾಗವಾನಿ ತೊಲೆ, ಸಾಮಾನನ್ನೆಲ್ಲ ಹೊರಗಿಟ್ಟು ಬರಿದು ಮಾಡಿದ್ದರು. ಅಂಥ ಪಡಸಾಲೆ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಸಾವಿನ ಮನೆಯಲ್ಲಿ ಚಪ್ಪಾಳೆ ತಟ್ಟಿದವನಿಗೆ ಹದಿಮೂರನೆಯ ದಿನದ ಊಟಕ್ಕೆ ಕರೆ ಬರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಹಂಪಿಯ ಒಂದು ಮಂಟಪದಲ್ಲಿ ತಟ್ಟಿದಾಗ ಮೂವರು ಗೈಡುಗಳು ಓಡಿ ಬಂದು, ಕರೆದದ್ದು ತನ್ನನ್ನೇ ಎಂದು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು.

ಈ ಚಾಳಿ ಉದ್ಯೋಗದಿಂದ ಅಂಟಿದ್ದು. ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಆ ಅದಿರಿನ ವರ್ಷಗಳಲ್ಲಿ ನಾನು ಹೊಸಪೇಟೆಯಲ್ಲಿ ಒಂದು ರೆಕಾರ್ಡಿಂಗ್ ಸ್ಟುಡಿಯೊ ಇಟ್ಟಿದ್ದೆ. ಅದಕ್ಕೂ ಮುಂಚೆ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ. ಸಿ.ಡಿ. ಬಂದು ಟೇಪುಗಳು ಸತ್ತುಹೋದವು. ಸತ್ತವರನ್ನು ರಿಪೇರಿ ಮಾಡಲು ಯಾರೂ ತರುವುದಿಲ್ಲವಲ್ಲ, ಹಾಗಾಗಿ ಹಾಡು ರಿಪೇರಿಯಿಂದ ಹಾಡು ತಯಾರಿಕೆಗೆ ಬಡ್ತಿ ಪಡೆದೆ. ಬೆಲ್ಲದ ಅಂಗಡಿಯ ಮಾಳಿಗೆ ಮೇಲೆ ಎರಡು ಕೋಣೆ: ಒಂದರಲ್ಲಿ ನಾನು ಮತ್ತು ಕಂಪ್ಯೂಟರು, ಇನ್ನೊಂದರಲ್ಲಿ ಹಾಡುವವರು, ನಡುವೆ ದಪ್ಪ ಗಾಜು. ಹಾಡುವವರ ಕಡೆ ನೊಣಗಳೂ ಇರುತ್ತಿದ್ದವು. ಬೆಲ್ಲದ ಮೇಲಿನ ಮನೆಯಲ್ಲಿ ಅವುಗಳಿಗಿರುವಷ್ಟು ಹಕ್ಕು ನಮಗಿಲ್ಲ.

ಆಗ ಎರಡು ಲಾರಿ ಇದ್ದವನೂ ಒಂದು ಭಕ್ತಿಗೀತೆಯ ಸಿ.ಡಿ. ತರುತ್ತಿದ್ದ. ಮನೆದೇವರ ಮೇಲೆ ಎಂಟು ಹಾಡು, ಮುಖಪುಟದಲ್ಲಿ ದೇವರು ಒಂದು ಮೂಲೆಗೆ, ನಿರ್ಮಾಪಕರು ನಟ್ಟನಡುವೆ. ಬರುವವರದೆಲ್ಲ ಒಂದೇ ಬೇಡಿಕೆ: "ಸೌಂಡು ವಾರ್ಮ್ ಇರ್ಬೇಕ್ರಿ, ನ್ಯಾಚುರಲ್ ಇರ್ಬೇಕು." ಈ ಮಾತನ್ನು ಅವರಿಗೆ ಕಲಿಸಿದವನು ಕಾರಿಗೆ ಸ್ಪೀಕರ್ ಕೂರಿಸುವವನಿರಬೇಕು. ನಾನೂ ಗಂಭೀರವಾಗಿ ತಲೆಯಾಡಿಸಿ, "ಮಾಡೋಣ್ರಿ, ವಾರ್ಮಾಗೇ ಮಾಡೋಣ" ಎನ್ನುತ್ತಿದ್ದೆ. ನನ್ನ ಕಂಪ್ಯೂಟರಿನಲ್ಲಿ ಅದಕ್ಕೆಂದೇ ಒಂದು ತಿರುಗುಣಿ ಇತ್ತು. ಅದರ ಪಕ್ಕದಲ್ಲಿ, ಹಳೆಯ ರೇಡಿಯೊಗಳ ಹೊಟ್ಟೆಯಲ್ಲಿ ಉರಿಯುತ್ತಿದ್ದ ಗಾಜಿನ ವಾಲ್ವಿನ ಚಿತ್ರ. ತಿರುಗಿಸಿದಷ್ಟೂ ಚಿತ್ರ ಕೆಂಪಾಗುತ್ತಿತ್ತು. ಹಾಡು ಏನಾಗುತ್ತಿತ್ತೋ ಕಾಣೆ. ಚಿತ್ರ ಮಾತ್ರ ಬಲು ಚೆನ್ನಾಗಿ ಕೆಂಪಾಗುತ್ತಿತ್ತು, ಲಾರಿ ಮಾಲೀಕರು ಅದನ್ನು ನೋಡಿಯೇ ತೃಪ್ತರಾಗುತ್ತಿದ್ದರು.

ಬೆಚ್ಚಗಿನ ದನಿ ಎಂದರೇನು? ಕಿವಿಗೇನು ಚಳಿಯೇ? ನಮ್ಮಜ್ಜನ ವಾಲ್ವ್ ರೇಡಿಯೊ ನಿಜಕ್ಕೂ ಬೆಚ್ಚಗಿರುತ್ತಿತ್ತು. ಬೆಕ್ಕು ವಾರ್ತೆ ಕೇಳುವ ನೆಪದಲ್ಲಿ ಅದರ ಮೇಲೆಯೇ ಮಲಗಿರುತ್ತಿತ್ತು. ಅಜ್ಜ ನಸುಕಿನಲ್ಲಿ ದಾಸರ ಪದ ಹಾಡುವವರು. ಕುಳಿತ ಕೂಡಲೇ ಹಾಡುತ್ತಿರಲಿಲ್ಲ. ತಂಬೂರಿಯ ತಂತಿಯ ಕೆಳಗೆ, ಅದನ್ನು ಎತ್ತಿಹಿಡಿಯುವ ಕುದುರೆ ಎಂಬ ತುಂಡಿನ ಮೇಲೆ, ಒಂದು ಹತ್ತಿಯ ಎಳೆ ತೂರಿಸಿ, ಅದನ್ನು ಅಕ್ಕಿಕಾಳಿನಷ್ಟು ಆಚೆ, ಎಳ್ಳಿನಷ್ಟು ಈಚೆ ಸರಿಸುತ್ತ ಕೂರುತ್ತಿದ್ದರು. ಎಳೆ ಸರಿಯಾದ ಜಾಗಕ್ಕೆ ಬಂದಾಗ ತಂತಿ ಅದಕ್ಕೆ ಉಜ್ಜಿಕೊಂಡು ಜುಂಯ್ ಎಂದು ಕೋಣೆ ತುಂಬುತ್ತಿತ್ತು. ಒಮ್ಮೆ ನಾನು, ಕಸ ಸಿಕ್ಕಿಕೊಂಡಿದೆ ಎಂದು ಆ ಎಳೆ ಕಿತ್ತು ಎಸೆದೆ. ಅಜ್ಜ ಹೊಡೆಯಲಿಲ್ಲ. "ಅದರ ಹೆಸರು ಜೀವಾಳ ಅಂತದಪಾ. ಹುಡುಕಿ ತಾ" ಎಂದರು. ಹತ್ತಿ ಎಳೆಯನ್ನು ನೆಲದ ಮೇಲೆ ಹುಡುಕುವುದು ಏನೆಂದು ಹುಡುಕಿದವರಿಗೇ ಗೊತ್ತು. ತಂತಿಯ ದನಿ ಶುದ್ಧವಾಗಬಾರದೆಂದು ಬೇಕಂತಲೇ ಒಂದು ಅಡ್ಡಿ ಇಟ್ಟು, ಆ ಅಡ್ಡಿಗೆ ಜೀವದ ಹೆಸರು ಕೊಟ್ಟವರು ನಮ್ಮ ಹಿರಿಯರು. ಹಾಡುವ ದನಿಯನ್ನೂ ಅವರು ಶಾರೀರ ಎನ್ನುತ್ತಿದ್ದರು, ಶರೀರದ್ದು ಎಂದು. ಇಷ್ಟೆಲ್ಲ ಕೇಳಿ ಬೆಳೆದವನು ನಾನು. ಸ್ಟುಡಿಯೊ ಇಟ್ಟ ಮೇಲೆ ಒಂದನ್ನೂ ನೆನಪಿಡಲಿಲ್ಲ. ಗೋಡೆಗೆ, ಚಾವಣಿಗೆ, ಬಾಗಿಲಿಗೆ, ಕೊನೆಗೆ ಸ್ವಿಚ್ಚಿನ ಸುತ್ತಲೂ ಬೂದು ಬಣ್ಣದ ಫೋಮು ಅಂಟಿಸಿದೆ. ಅಲ್ಲಿ ಚಪ್ಪಾಳೆ ತಟ್ಟಿದರೆ ಯಾರೋ ಬೇರೆ ಊರಿನಲ್ಲಿ ತಟ್ಟಿದ ಹಾಗಿತ್ತು.

ಇನ್ನೊಂದು ಪೀಡೆ ಲಾರಿಗಳದ್ದು. ಕೆಳಗಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಸಪ್ಪಳವನ್ನು ಗಾಜು ತಡೆಯಿತು, ನಡುಕವನ್ನು ಯಾವ ಗಾಜು ತಡೆದೀತು? ಅದು ಗೋಡೆಯಿಂದ ನೆಲಕ್ಕೆ, ನೆಲದಿಂದ ಮೈಕಿನ ಕಾಲಿಗೆ ಏರಿ, ಪ್ರತಿ ಹಾಡಿನ ಅಡಿಯಲ್ಲೂ ಗುಂಯ್‌ಗುಡುತ್ತ ಕೂರುತ್ತಿತ್ತು. ಅದನ್ನು ತೆಗೆಯಲು ಕಂಪ್ಯೂಟರಿನಲ್ಲಿ ಕೆಳಗಿನ ದನಿಯನ್ನು ಕತ್ತರಿಸಿದರೆ ಲಾರಿಯ ಜೊತೆಗೆ ಹಾಡುವವರ ಎದೆಯೂ ಹೋಗುತ್ತಿತ್ತು. ಉಳಿಯುತ್ತಿದ್ದದ್ದು ಗಂಟಲು ಮತ್ತು ಮೂಗು. ನನ್ನ ಹಳೆಯ ಸಿ.ಡಿ.ಗಳಲ್ಲಿ ದೇವರನ್ನು ಕರೆಯುವವರೆಲ್ಲ ನೆಗಡಿಯಾದವರ ಹಾಗೆ ಕರೆಯುವುದು ಅದಕ್ಕೇ. ದೇವರಿಗೆ ಗೊತ್ತಿರುತ್ತದೆ ಬಿಡಿ.

ಹೀಗೆ ನಡೆಯುತ್ತಿರುವಾಗ ಒಂದು ಶುಕ್ರವಾರ ಗಾದಿಗನೂರಿನ ಈರಣ್ಣ ತನ್ನ ತಾಯಿ ಹಂಪವ್ವನನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದ. ಈರಣ್ಣ ಲಾರಿಯವನೇ. ಆದರೆ ಅವನಿಗೆ ಭಕ್ತಿಗೀತೆ ಬೇಕಿರಲಿಲ್ಲ. ಹಂಪವ್ವ ಸುತ್ತಿನ ಹಳ್ಳಿಗಳ ಮದುವೆಗಳಲ್ಲಿ ಸೋಬಾನೆ ಪದ ಹೇಳುವವಳು. ಅರಿಶಿನ ಹಚ್ಚುವುದರಿಂದ ಹಿಡಿದು ಹೆಣ್ಣು ಕಳಿಸುವವರೆಗೆ ಪ್ರತಿಯೊಂದಕ್ಕೂ ಅವಳ ಹತ್ತಿರ ಹಾಡಿತ್ತು. ಅವಳ ಗಂಟಲಿನಲ್ಲಿ ಗಡ್ಡೆಯೊಂದು ಬೆಳೆದಿತ್ತು. ಬರುವ ಗುರುವಾರ ಬಳ್ಳಾರಿಯಲ್ಲಿ ಆಪರೇಷನ್ನು. ಜೀವಕ್ಕೇನೂ ಭಯವಿಲ್ಲ, ಆದರೆ ದನಿಯ ನರ ಗಡ್ಡೆಯ ಪಕ್ಕದಲ್ಲೇ ಇದೆ, ದನಿ ಮೊದಲಿನ ಹಾಗೆ ಇರುತ್ತದೆಂದು ಮಾತು ಕೊಡಲಾರೆ ಎಂದಿದ್ದರಂತೆ ಡಾಕ್ಟರು. ಮುಂದಿನ ಮಾಸದಲ್ಲಿ ಕಿರಿಯ ಮಗಳ ಮದುವೆ. ಊರಿನ ಹೆಣ್ಣುಮಕ್ಕಳಿಗೆಲ್ಲ ಹಾಡಿದವಳು ತನ್ನ ಮಗಳಿಗೆ ಹಾಡದಿದ್ದರೆ ಹೇಗೆ? ಗುರುವಾರದೊಳಗೆ ದನಿಯನ್ನು ಹಿಡಿದಿಡಬೇಕಿತ್ತು.

"ದನಿ ಹೋದ್ರ ಹೋಗವಲ್ದ್ಯಾಕ್ರಿ," ಎಂದಳು ಹಂಪವ್ವ, ಕುರ್ಚಿ ಬಿಟ್ಟು ನೆಲದ ಮೇಲೆ ಕೂರುತ್ತ. "ಈತನ್ನ ಬೈಯಾಕ ಒಂದೀಟು ಉಳದ್ರ ಸಾಕು. ಆದ್ರ ಹುಡುಗಿ ಅರಿಶಿಣಕ ಕುಂತಾಗ ಅವ್ವನ ಹಾಡಿಲ್ಲಂದ್ರ ಅಕಿ ಮಾರಿ ಹ್ಯಾಂಗ ನೋಡ್ಲಿ?"

ಬಾಯಿ ನಗುತ್ತಿತ್ತು. ಕೈ ಮಾತ್ರ ಗಂಟಲ ಹತ್ತಿರವೇ ಸುಳಿಯುತ್ತಿತ್ತು.

ನಾನು ನನ್ನ ವಿದ್ಯೆಯನ್ನೆಲ್ಲ ಹೊರತೆಗೆದೆ. ಅವಳನ್ನು ಗಾಜಿನಾಚೆ ನಿಲ್ಲಿಸಿ, ಕಿವಿಗೆ ಹೆಡ್‌ಫೋನು ಏರಿಸಿ, ಮೈಕನ್ನು ಮೂಗಿನ ಮಟ್ಟಕ್ಕೆ ತಂದೆ. ಮೊದಲ ಸಾಲಿಗೇ ಹೆಡ್‌ಫೋನಿನಲ್ಲಿ ಕಿಣಿಕಿಣಿ. ಹಂಪವ್ವ ಹಾಡುತ್ತ ತೊಡೆ ತಟ್ಟಿ ತಾಳ ಹಾಕುತ್ತಿದ್ದಳು, ಮುಂಗೈ ತುಂಬ ಹಸಿರು ಗಾಜಿನ ಬಳೆ. ದೊಡ್ಡ ಸ್ಟುಡಿಯೊಗಳಲ್ಲಿ ಗಡಿಯಾರ, ಉಂಗುರಗಳನ್ನು ತೆಗೆಸುತ್ತಾರೆಂದು ಕೇಳಿದ್ದೆ. ಗಾಜಿನೀಚೆಯಿಂದ ಮೈಕಿನಲ್ಲಿ, ತುಂಬ ವೃತ್ತಿಪರ ದನಿಯಲ್ಲಿ ಹೇಳಿದೆ: "ಬಳಿ ತೆಗೀರಿ ಯವ್ವಾ."

ಹೇಳಿ ಮುಗಿಸುವ ಮೊದಲೇ ಏನು ಹೇಳಿದೆನೆಂದು ಹೊಳೆಯಿತು. ಗಂಡ ಬದುಕಿರುವ ಹೆಣ್ಣುಮಗಳಿಗೆ, ಅದೂ ಮದುವೆ ಹಾಡು ಹೇಳುತ್ತಿರುವವಳಿಗೆ, ಆಪರೇಷನ್ನಿಗೆ ಆರು ದಿನ ಇರುವಾಗ, ಬಳೆ ತೆಗೆ ಎಂದ ಗಂಡಸು ಹೊಸಪೇಟೆ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮನೆಯಲ್ಲಿ ಯಾರಾದರೂ ಈ ಮಾತಾಡಿದ್ದರೆ ನಮ್ಮಜ್ಜಿ ಅವರನ್ನು ಊಟದ ಎಲೆಯಿಂದ ಎಬ್ಬಿಸುತ್ತಿದ್ದಳು. ಕಿವಿಗೆ ಯಂತ್ರ ಹಾಕಿಕೊಂಡವನಿಗೆ ಸಪ್ಪಳವಷ್ಟೇ ಕೇಳುತ್ತದೆ, ಮಾತು ಕೇಳುವುದಿಲ್ಲ, ತನ್ನದೂ.

ಹಂಪವ್ವ ಹೆಡ್‌ಫೋನು ತೆಗೆದು ಮೈಕಿನ ಕೊರಳಿಗೇ ತಗುಲಿಸಿದಳು. ಹೊರಗೆ ಬಂದು ಮಗನಿಗೆ, "ಏ ಈರಣ್ಣಾ, ಇವ್ರಿಗೆ ತಾಯಿ ಇಲ್ಲೇನಲೇ?" ಎಂದಳು.

ನಾನು ಎದ್ದು, ನನ್ನಜ್ಜಿಯ ಆಣೆ ಹಾಕಿ, ತಪ್ಪಾಯಿತೆಂದು ಮೂರು ಬಗೆಯಾಗಿ ಹೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇದು ಕೆಟ್ಟ ಪ್ರಾಣಿಯಲ್ಲ, ದಡ್ಡ ಪ್ರಾಣಿ ಎಂದು ತೀರ್ಮಾನಿಸಿದವಳಂತೆ ಒಳಗೆ ಹೋದಳು. ಕಣಕ ನಾದುವಾಗ ಮಾಡುತ್ತಾರಲ್ಲ, ಹಾಗೆ ಬಳೆಗಳನ್ನು ಮೊಣಕೈ ತನಕ ಬಿಗಿಯಾಗಿ ಏರಿಸಿಕೊಂಡು ನಿಂತಳು. ಬಳೆ ಸುಮ್ಮನಾದವು. ತಾಳವೂ ಸುಮ್ಮನಾಯಿತು. ಅಷ್ಟೇ ಅಲ್ಲ, ಒಂದು ಸಾಲು ಹಾಡುವುದು, ನಿಲ್ಲುವುದು, ಗಾಜಿನ ಕಡೆ ನೋಡುವುದು. ಮತ್ತೊಂದು ಸಾಲು, ಮತ್ತೆ ನಿಲ್ಲುವುದು. "ನಿಲ್ಲಬ್ಯಾಡ್ರಿ, ಹೋಗ್ತಾ ಇರ್ರಿ" ಎಂದರೆ, ತಲೆಯಾಡಿಸಿ ಮತ್ತೆ ನಿಲ್ಲುತ್ತಿದ್ದಳು. ಯಾರೋ ಬರುತ್ತಾರೆಂದು ಬಾಗಿಲಲ್ಲಿ ಕಾಯುವವರ ನಿಲುವು ಅದು. ನನಗದು ತಿಳಿಯಲಿಲ್ಲ. ಚಿಂತೆಯಿಲ್ಲ, ಕತ್ತರಿ ನನ್ನ ಕೈಯಲ್ಲಿದೆ ಎಂದುಕೊಂಡೆ.

ಅವರು ಕೆಳಗೆ ಚಹಾ ಕುಡಿದು ಬರುವುದರೊಳಗೆ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿ ಸಾಲಿಗೆ ಸಾಲು ಅಂಟಿಸಿದೆ. ಸಾಲಿನ ಕೊನೆಗೆ ಅವಳು ಹ್ಹಾ ಎಂದು ಎಳೆದುಕೊಳ್ಳುತ್ತಿದ್ದ ಉಸಿರನ್ನೂ ಕಸ ಆರಿಸಿದಂತೆ ಒಂದೊಂದಾಗಿ ಆರಿಸಿ ತೆಗೆದೆ. ಲಾರಿ ತೆಗೆದೆ. ವಾಲ್ವಿನ ಚಿತ್ರ ಕೆಂಪಾಗುವವರೆಗೆ ತಿರುಗಿಸಿದೆ. ಮಿಂಚುವ ಹಾಗೆ ತಿಕ್ಕಿದ ಹಿತ್ತಾಳೆ ತಂಬಿಗೆಯಂಥ ಹಾಡು ಸಿದ್ಧವಾಯಿತು. ಕೇಳಿಸಿದೆ.

ಹಂಪವ್ವ ಕಣ್ಣು ಸಣ್ಣ ಮಾಡಿ ಕೇಳಿದಳು. "ಇಕಿ ಯಾರ್ರೀ?"

"ನೀವೇ."

"ನಾನಲ್ಲ ಬಿಡ್ರಿ. ಇಕಿ ಉಸುರ ಬಿಡವಲ್ಲಳು. ಸತ್ತಾಳೇನು?"

ಈರಣ್ಣನಿಗೆ ನಗು ಬಂತು. ತಾಯಿಯ ಮುಖ ನೋಡಿ ನುಂಗಿಕೊಂಡ. ಅವಳು ನಗುತ್ತಿರಲಿಲ್ಲ. "ಇದನ್ನ ನನ್ನ ಮಗಳ ಮದಿವಿಗೆ ಹಚ್ಚಿದ್ರ ಅಕಿ ಅಂಜತಾಳ. ಬ್ಯಾಡ. ನನ್ನ ದನಿ ನನ್ನ ಕೂಡೇ ಹೋಗ್ಲಿ" ಎಂದು ಸೆರಗು ಹೊದ್ದು ಎದ್ದೇಬಿಟ್ಟಳು.

ತಾಯಿಯನ್ನು ಕೆಳಗೆ ಬೆಲ್ಲದಂಗಡಿಯ ಕಟ್ಟೆಯ ಮೇಲೆ ಕೂರಿಸಿ ಈರಣ್ಣ ಒಬ್ಬನೇ ಮತ್ತೆ ಮೇಲೆ ಬಂದ. "ತಪ್ಪು ನಿಮ್ದಲ್ರೀ. ಅವ್ವ ಒಬ್ಬಕೀನ ಹಾಡಿದ್ದು ನಾನೂ ಇವತ್ತ ಕೇಳಿದ್ದು. ಸಂಕ್ರವ್ವ ದೊಡ್ಡವ್ವ ಇಲ್ಲದ ಇದು ಆಗೂದಲ್ಲ."

ಸಂಕ್ರವ್ವ ಅವರ ಪಕ್ಕದ ಮನೆಯಾಕೆ. ಇಬ್ಬರೂ ಮೆಟ್ರಿ ಎಂಬ ಊರಿನ ಹೆಣ್ಣುಮಕ್ಕಳು, ಇಬ್ಬರೂ ಗಾದಿಗನೂರಿನ ಒಂದೇ ಓಣಿಗೆ ಸೊಸೆಯಾಗಿ ಬಂದವರು. ಸೋಬಾನೆಯಲ್ಲಿ ಒಬ್ಬರು ಸಾಲು ಹೇಳಿದರೆ ಇನ್ನೊಬ್ಬರು ಅದನ್ನೇ ಎತ್ತಿಕೊಂಡು ತಿರುಗಿ ಹೇಳಬೇಕು. ಹಂಪವ್ವ ಹೇಳುವುದು, ಸಂಕ್ರವ್ವ ಎತ್ತುವುದು, ಮೊದಲಿನಿಂದ ನಡೆದುಬಂದದ್ದು. ಹಂಪವ್ವನ ಸಾಲು ಮುಗಿಯುವ ಮೊದಲೇ, ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ, ಸಂಕ್ರವ್ವ ಎತ್ತಿಬಿಡುತ್ತಾಳೆ. ಆಗ ಇವಳು ಉಸಿರು ತೆಗೆದುಕೊಳ್ಳುತ್ತಾಳೆ. ಗಾಜಿನಾಚೆ ನಿಂತು ಅವಳು ಕಾಯುತ್ತಿದ್ದದ್ದು ಅದನ್ನು. ಆದರೆ ಇಬ್ಬರಿಗೂ ಮಾತಿಲ್ಲದೆ ಎರಡು ಬೇಸಗೆ ಕಳೆದಿತ್ತು. ಸಂಕ್ರವ್ವ ಮಾಳಿಗೆ ಮೇಲೆ ಶಾವಿಗೆ ಒಣಗಹಾಕಿದ್ದಳಂತೆ. ಈರಣ್ಣ ತನ್ನ ಲಾರಿಯನ್ನು ಗೋಡೆಗೆ ಹತ್ತಿಸಿ ನಿಲ್ಲಿಸಿ, ಅದಿರಿನ ಧೂಳು ತುಂಬಿದ ತಾಡಪಾಲು ಬಿಚ್ಚಿ ಝಾಡಿಸಿದನಂತೆ. ಬೆಳ್ಳಗಿನ ಶಾವಿಗೆ ಒಂದು ಗಳಿಗೆಯಲ್ಲಿ ಕೆಂಪಗಾಯಿತು. ಸಂಕ್ರವ್ವ ಅದನ್ನು ಹಾಗೇ ಕುದಿಸಿ, ಬೆಲ್ಲ ಹಾಕಿ, ಒಂದು ಗಂಗಾಳದ ತುಂಬ ಹಂಪವ್ವನ ಮನೆಗೆ ಕಳಿಸಿದಳು: "ನಿಮ್ಮ ಗಣಿ ಪಾಯಸ, ಉಣ್ರಿ." ಅಲ್ಲಿಗೆ ಮಾತು ನಿಂತಿತು. ಜೋಡಿ ಹಾಡೂ ನಿಂತಿತು. ಒಬ್ಬಳು ಹೋದ ಮದುವೆಗೆ ಇನ್ನೊಬ್ಬಳು ಹೋಗುತ್ತಿರಲಿಲ್ಲ. ಊರಿನ ಮದುವೆಗಳಲ್ಲೆಲ್ಲ ಅರ್ಧ ಹಾಡು.

ಮರುದಿನವೇ ಸಣ್ಣ ರೆಕಾರ್ಡರೊಂದನ್ನು ಜೇಬಿಗೆ ಹಾಕಿಕೊಂಡು ಗಾದಿಗನೂರಿಗೆ ಹೋದೆ. ಸಂಕ್ರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎತ್ತರದ ಆಳು, ಅದಕ್ಕೆ ತಕ್ಕ ದನಿ. ಅವಳು ಕೋಳಿ ಓಡಿಸಿದರೆ ಪಕ್ಕದ ಓಣಿಯ ಕೋಳಿಗಳೂ ಓಡುತ್ತಿದ್ದವು. ಕಟ್ಟೆಯ ಮೇಲೆ ಕೂತು, ನಾನು ಯಾರು, ಏಕೆ ಬಂದೆ ಎಂದು ಹೇಳಿದೆ.

"ಅಕಿ ಕರಿಯಾಕ ಕಳಿಸ್ಯಾಳೇನು?"

"ಇಲ್ಲ. ನಾನಾಗೇ ಬಂದೀನಿ."

"ಹಂಗಾದ್ರ ನೀವಾಗೇ ಹೋಗ್ರಿ."

ಅವಳು ಮೊರ ಕುಟ್ಟಿದಳು. ಹೊಟ್ಟು ನನ್ನ ಮೇಲೆ ಹಾರಿತು. ನಾನು ಏಳಲಿಲ್ಲ. ಅವಳು ಮೊರದಿಂದ ತಲೆಯೆತ್ತದೆ ಕೇಳಿದಳು: "ಗುರುವಾರನ ಕೊಯ್ತಾರಂತ, ಹೌದೇನು?"

"ಹೌದು."

"ದನಿ ಬರೂದಿಲ್ಲಂತ?"

"ಬರಬಹುದು, ಬರದಿರಬಹುದು ಅಂದಾರ."

ಅವಳು ಮತ್ತೆ ಮೊರ ಎತ್ತಿದಳು. ನಾನು ಜೇಬಿನಿಂದ ರೆಕಾರ್ಡರು ತೆಗೆದು ಹಚ್ಚಿದೆ. ನನ್ನ ಕತ್ತರಿ ಬೀಳುವ ಮೊದಲಿನ ಹಾಡು. ಹಂಪವ್ವನ ಮೊದಲ ಸಾಲು ಬಂತು. ಆ ಸಾಲು ಮುಗಿಯಲು ಇನ್ನೊಂದು ಅಕ್ಷರವಿತ್ತು, ಸಂಕ್ರವ್ವ ಎತ್ತಿಬಿಟ್ಟಳು. ಮೊರ ಕೈಯಲ್ಲೇ ನಿಂತಿತ್ತು. ಆಕೆ ಹಾಡಬೇಕೆಂದು ಹಾಡಿದ್ದಲ್ಲ, ಎಡವಿದವರನ್ನು ಹಿಡಿಯಲು ಕೈ ತಾನೇ ಮುಂದಾಗುತ್ತದಲ್ಲ, ಹಾಗೆ. ಎರಡನೆಯ ಸಾಲು ಎತ್ತಿದಳು, ಮೂರನೆಯದನ್ನೂ ಎತ್ತಿದಳು. ನಾಲ್ಕನೆಯದಕ್ಕೆ ಗಕ್ಕನೆ ನಿಂತು ಮೊರ ಕೆಳಗಿಟ್ಟಳು.

"ಏ ಹಂಪೀ! ಬೀಗರನ್ನ ಕರಿಯೂ ಸಾಲು ನುಂಗಿದ್ಯಲ್ಲೇ!" ಎಂದು ಆ ಸಣ್ಣ ಡಬ್ಬಿಗೇ ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, "ಹಿಂಗ ತಪ್ಪು ಹಾಡಿ ಸೀಡ್ಯಾಗ ಇಟ್ಟು ಹೋಗ್ತಾಳೇನು? ಹುಡುಗೀರು ಇದನ್ನ ಖರೇ ಅಂತ ಕಲಿತಾರ. ಮೆಟ್ರಿ ಹೆಣ್ಮಕ್ಕಳು ಮಾನ ಕಳದ್ರು ಅಂತಾರ. ಯಾವಾಗ ಬರ್ಬೇಕು ಹೇಳ್ರಿ. ಅಕಿ ಸಲುವಾಗಿ ಅಲ್ಲ, ಹಾಡಿನ ಸಲುವಾಗಿ."

ಈಗ ಉಳಿದದ್ದು ಲಾರಿ. ಬೆಳಗಿನಿಂದ ಸಂಜೆಯವರೆಗೆ ನಡುಗುವ ಕೋಣೆಯಲ್ಲಿ ಎದೆಯ ದನಿಯನ್ನು ಹೇಗೆ ಹಿಡಿಯುವುದು? ಉಪಾಯ ಹೇಳಿದವನು ಈರಣ್ಣನೇ. ಮಂಗಳವಾರ ಅಮಾವಾಸ್ಯೆ. ಅಮಾವಾಸ್ಯೆ ಎಂದರೆ ಲಾರಿಗಳಿಗೆ ಪೂಜೆ. ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿ, ಬೂದುಗುಂಬಳಕಾಯಿ ಒಡೆಯುವವರೆಗೆ ಒಂದು ಗಾಲಿಯೂ ಉರುಳುವುದಿಲ್ಲ. ಮಧ್ಯಾಹ್ನದವರೆಗೆ ಊರು ನಮ್ಮದು.

ಮಂಗಳವಾರ ಬೆಳಿಗ್ಗೆ ಇಬ್ಬರೂ ಬಂದರು, ಬೇರೆ ಬೇರೆ ಆಟೋದಲ್ಲಿ. ಸಂಕ್ರವ್ವ ಮೆಟ್ಟಿಲ ಮೇಲಿಂದಲೇ ತಕರಾರು ತೆಗೆದಳು: "ಅಮಾಸಿ ದಿನ ಸೋಬಾನ ಹಾಡ್ತಾರೇನು ಯಾರರ?"

ಹಂಪವ್ವ ಗೋಡೆಗೆ ಹೇಳಿದಳು: "ಲಾರಿಗೆ ಚಲೋ ದಿನ ಅಂದ್ರ ಮನಶ್ಯಾರಿಗೂ ಚಲೋನ ಇರ್ತೈತಿ."

ಸಂಕ್ರವ್ವ ಅದೇ ಗೋಡೆಗೆ ಹೇಳಿದಳು: "ಹೂಂನವ್ವಾ, ಲಾರಿಯವ್ರು ಹೇಳಿದ್ದ ಶಾಸ್ತ್ರ ಈಗ."

ನಾನು ಹಿಂದಿನ ದಿನವೇ ಅರ್ಧ ಫೋಮು ಕಿತ್ತು ಗೋಡೆಗೆ ಗಾಳಿ ತೋರಿಸಿದ್ದೆ. ಗಾಜಿನ ಈಚೆಗೆ, ನಾನು ಕೂರುವ ಕೋಣೆಯಲ್ಲೇ ಚಾಪೆ ಹಾಸಿ, ಮೈಕೊಂದನ್ನು ಮೊಣಕಾಲೆತ್ತರಕ್ಕೆ ನಡುವೆ ನಿಲ್ಲಿಸಿದೆ. ಹೆಡ್‌ಫೋನಿಲ್ಲ, ತಿರುಗುಣಿಯಿಲ್ಲ. ಬಳೆಯ ವಿಷಯ ನಾನು ಎತ್ತಲಿಲ್ಲ. ಅವರ ಕೈ ನೋಡಲೂ ನನಗೆ ಧೈರ್ಯವಿರಲಿಲ್ಲ. ಒಬ್ಬರ ದನಿ ಹೆಚ್ಚು, ಒಬ್ಬರದು ಕಡಿಮೆ ಎಂದಾದರೆ ಯಂತ್ರವನ್ನಲ್ಲ, ಮನುಷ್ಯರನ್ನು ಸರಿಸಬೇಕು ಎಂಬುದೊಂದು ಹಳೆಯ ಪದ್ಧತಿ. ಅಜ್ಜನ ಎಳೆ ಸರಿಸಿದ ಹಾಗೆಯೇ. ಆದರೆ ಎಳೆ ಸಿಟ್ಟು ಮಾಡುವುದಿಲ್ಲ.

"ಸಂಕ್ರವ್ವನವರೇ, ನೀವು ಒಂದು ಮೊಳ ಹಿಂದ ಸರೀರಿ."

"ನಾ ಯಾಕ ಹಿಂದ? ಅಕೀನ್ನ ಸರಸ್ರಿ."

"ನಿಮ್ಮ ದನಿ ದೊಡ್ಡದು, ಅದಕ್ಕ."

ಸಂಕ್ರವ್ವ ಎರಡು ಮೊಳ ಸರಿದಳು, ಸಂತೋಷದಿಂದ. ಹಂಪವ್ವನ ಮುಖ ಊದಿತು. "ನಂದೇನು ಸಣ್ಣದೇನ್ರಿ?" ಎಂದು ಅವಳೂ ಹಿಂದೆ ಸರಿದಳು. ಹೀಗೆ ನನ್ನ ಮೈಕಿನಿಂದ ಇಬ್ಬರೂ ಗೋಡೆ ಮುಟ್ಟುವ ತನಕ ಹೋದರು. ನಾನು ಬೇಡಿಕೊಂಡು, ಮತ್ತೆ ಬೆರಳು ಬೆರಳಿನಷ್ಟು ಹತ್ತಿರ ತಂದೆ. ಮುಖ ನೋಡದೆ ಕೂತವರಿಗೆ ನಡುವಿನ ಮೈಕು ಅನುಕೂಲವೇ ಆಯಿತು. ಇಬ್ಬರೂ ಅದನ್ನೇ ದಿಟ್ಟಿಸಿದರು.

ಹಂಪವ್ವ ಶುರು ಮಾಡಿದಳು. ಸಂಕ್ರವ್ವ ಎತ್ತಿದಳು. ಹಂಪವ್ವ ಉಸಿರು ತೆಗೆದುಕೊಂಡಳು.

ಶುಕ್ರವಾರ ಕುಂಟುತ್ತಿದ್ದ ಹಾಡು ಇವತ್ತು ನಡೆಯಿತು, ಅಷ್ಟೇ. ಒಂದು ದನಿ ಇಳಿಯುವಲ್ಲಿ ಇನ್ನೊಂದು ಏರುತ್ತಿತ್ತು, ನಡುವೆ ಸೂಜಿ ಹೋಗುವಷ್ಟೂ ಸಂದಿಲ್ಲ. ಬಳೆ ತಾಳ ಹಿಡಿದಿತ್ತು. ಮರದ ಬಾಗಿಲು, ಗಾರೆ ನೆಲ, ನನ್ನ ರಿಪೇರಿ ಕಾಲದ ಕಬ್ಬಿಣದ ಕಪಾಟು, ಎಲ್ಲವೂ ಆ ದನಿಯನ್ನು ಸ್ವಲ್ಪ ಸ್ವಲ್ಪ ಇಟ್ಟುಕೊಂಡು ಸ್ವಲ್ಪ ಸ್ವಲ್ಪ ಹಿಂದಕ್ಕೆ ಕೊಡುತ್ತಿದ್ದವು. ರಸ್ತೆಯಲ್ಲಿ ಲಾರಿಗಳು ಮದುಮಕ್ಕಳಂತೆ ಹಾರ ಹಾಕಿಕೊಂಡು ಸುಮ್ಮನೆ ನಿಂತಿದ್ದವು.

ಐದನೆಯ ಹಾಡು ಹೆಣ್ಣು ಒಪ್ಪಿಸಿಕೊಡುವಾಗಿನದು. ಎತ್ತರದ ಸಾಲೊಂದರಲ್ಲಿ ಹಂಪವ್ವನ ದನಿ ಒಡೆಯಿತು. ಗಡ್ಡೆಯಿಂದಲೋ, ಮಗಳು ನೆನಪಾಗಿಯೋ. ಅವಳು ಗಂಟಲಿಗೆ ಕೈ ಹಾಕಿದಳು. ಸಂಕ್ರವ್ವ ಎತ್ತುವ ಸಾಲನ್ನು ಮುಗಿಸಿ, ಹೇಳುವವಳ ಸಾಲನ್ನೂ ತಾನೇ ಹೇಳಿ, ಮತ್ತೆ ತಾನೇ ಎತ್ತಿ, ಹೀಗೆ ಎರಡು ಸುತ್ತು ಇಬ್ಬರ ಕೆಲಸವನ್ನೂ ಹೊತ್ತಳು. ಹೊತ್ತುಕೊಂಡೇ, ಮೈಕಿನಿಂದ ಕಣ್ಣು ಕೀಳದೆ, ಪಕ್ಕದಲ್ಲಿದ್ದ ನೀರಿನ ಲೋಟವನ್ನು ಚಾಪೆಯ ಮೇಲೆ ಆಚೆಗೆ ದೂಡಿದಳು. ಹಂಪವ್ವ ಕುಡಿದಳು. ಲೋಟ ಕೆಳಗಿಟ್ಟ ಸಪ್ಪಳವೂ ಆ ಹಾಡಿನಲ್ಲಿದೆ. ಮೂರನೆಯ ಸುತ್ತಿಗೆ ಅವಳ ದನಿ ಬಂದು ಸೇರಿತು.

"ಇನ್ನೊಮ್ಮೆ ಹಾಡೋಣೇನ್ರಿ?" ಎಂದೆ, ಅಭ್ಯಾಸಬಲದಿಂದ.

"ಯಾಕ?" ಎಂದರು ಇಬ್ಬರೂ ಒಟ್ಟಿಗೆ. ಎರಡು ಬೇಸಗೆಯ ಮೇಲೆ ಇಬ್ಬರೂ ಒಂದಾಗಿ ಆಡಿದ ಮೊದಲ ಮಾತು ಅದು.

ಲಾರಿಗಳು ಮತ್ತೆ ಗುಡುಗುವ ಹೊತ್ತಿಗೆ ಹನ್ನೊಂದು ಹಾಡು ಮುಗಿದಿದ್ದವು. ನಾನು ಒಂದು ಉಸಿರನ್ನೂ ಮುಟ್ಟಲಿಲ್ಲ. ಗುರುವಾರ ಆಪರೇಷನ್ನಾಯಿತು. ನರ್ಸು ಬಳೆ ತೆಗೆಯಲು ಹೇಳಿದಳಂತೆ. ಹಂಪವ್ವ, "ಹೊಸಪೇಟ್ಯಾಗೊಬ್ರು ಹಿಂಗ ಅಂದು ಬೈಸ್ಕೊಂಡಾರ ನೋಡವ್ವಾ" ಎಂದು, ಬಳೆಯ ಮೇಲೆ ಬಟ್ಟೆ ಸುತ್ತಿಸಿಕೊಂಡು ಒಳಗೆ ಹೋದಳಂತೆ. ನನ್ನ ಕೀರ್ತಿ ಬಳ್ಳಾರಿಯ ಆಸ್ಪತ್ರೆ ಮುಟ್ಟಿದ್ದು ಹೀಗೆ. ಆಮೇಲೆ ಎರಡು ವಾರ ಅವಳ ಬಾಯಿಂದ ಬರೀ ಗಾಳಿ. ಆ ಹನ್ನೊಂದು ಹಾಡೇ ಕೊನೆಯವು ಎಂದುಕೊಂಡು ಸಿ.ಡಿ.ಯ ನಕಲುಗಳನ್ನು ಮನೆಯಲ್ಲೊಂದು, ಅಂಗಡಿಯಲ್ಲೊಂದು, ಮಾವನ ಮನೆಯಲ್ಲೊಂದು ಬಚ್ಚಿಟ್ಟೆ. ಒಂದು ಬೆಳಿಗ್ಗೆ ಈರಣ್ಣನ ಫೋನು ಬಂತು, ಕುಣಿಯುವ ದನಿ: "ಸರ್ರಾ, ಅವ್ವ ನನ್ನ ಬೈದ್ಲು! ದನಿ ತಗದು ಬೈದ್ಲು!"

ದನಿ ಬಂತು, ಆದರೆ ಪೂರ್ತಿಯಲ್ಲ. ಮೇಲಿನ ಅರ್ಧ ಹೋಗಿ ಕೆಳಗಿನ ಅರ್ಧ ಉಳಿದಿತ್ತು. ಮದುವೆ ಕಂಪ್ಲಿಯಲ್ಲಿ. ಅರಿಶಿನ ಹಚ್ಚುವಾಗ ನನ್ನ ಸಿ.ಡಿ. ಹಚ್ಚಿದರು. ಮೈಕ್ ಸೆಟ್ಟಿನವನು ಅದನ್ನು ಬೇವಿನ ಮರಕ್ಕೆ ಕಟ್ಟಿದ ಎರಡು ತಗಡಿನ ಕಹಳೆಗಳಲ್ಲಿ ಊದಿಸಿದ. ನಾನು ಅಷ್ಟು ಕಷ್ಟಪಟ್ಟು ಉಳಿಸಿದ್ದ ಎದೆ, ಕೋಣೆ, ಉಸಿರು ಎಲ್ಲ ಕಹಳೆಯ ಬಾಯಲ್ಲಿ ತಗಡಾಗಿ ಊರ ಮೇಲೆ ಚೆಲ್ಲಿದವು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಆದರೆ ಹಂಪವ್ವನ ಮೊದಲ ಸಾಲು ಕೇಳಿದ್ದೇ ತಡ, ಚಪ್ಪರದ ಕೆಳಗಿದ್ದ ಹೆಂಗಸರು ಎತ್ತಿಕೊಂಡರು. ಎರಡನೆಯ ಸಾಲಿಗೆ ಕಹಳೆ ಯಾರಿಗೂ ಕೇಳುತ್ತಿರಲಿಲ್ಲ. ಮೈಕಿನವನು ಅದನ್ನು ಬಂದ್ ಮಾಡಿದ್ದು ನನ್ನೊಬ್ಬನ ಗಮನಕ್ಕಷ್ಟೇ ಬಂತು. ಸಂಕ್ರವ್ವ ಹೇಳುವವಳ ಜಾಗದಲ್ಲಿ ಕೂತಿದ್ದಳು. ಹಂಪವ್ವ ತನ್ನ ಹೊಸ ದಪ್ಪ ದನಿಯಲ್ಲಿ ಎತ್ತುತ್ತಿದ್ದಳು. ಮಗಳು ಅರಿಶಿನದ ಮುಖ ತಿರುಗಿಸಿ, ಇದು ಅವ್ವನೇ ಹೌದೋ ಎಂದು ನೋಡಿ, ನಕ್ಕಳು.

ಇಲ್ಲಿಗೆ ನಿಲ್ಲಿಸಿದರೆ ನೀವೂ ಸಂತೋಷವಾಗಿ ಹೋಗುತ್ತೀರಿ. ಆದರೆ ಆ ಇಬ್ಬರ ಸಂಗತಿ ಅಷ್ಟು ಸುಲಭದ್ದಲ್ಲ. ನಾಲ್ಕಾರು ತಿಂಗಳ ಮೇಲೆ ಹಂಪವ್ವ ಒಬ್ಬಳೇ ನನ್ನ ಮೆಟ್ಟಿಲು ಹತ್ತಿ ಬಂದಳು. ಸಿ.ಡಿ.ಯನ್ನು ಮೇಜಿನ ಮೇಲೆ ಇಟ್ಟಳು.

"ಇದ್ರಾಗಿಂದ ಅಕೀನ್ನ ತಗೀರಿ."

"ಯಾರನ್ನ?"

"ಸಂಕ್ರೀನ್ನ. ಮದಿವಿ ಮದಿವಿಗೆ ಹೋಗಿ, ಸೀಡಿ ನಂದು, ಹಂಪಿ ನನ್ನ ಹಿಂದ ಗುಂಯ್ ಅಂದಾಳ ಅಷ್ಟ ಅಂತ ಹೇಳ್ಕೊಂತ ತಿರಗ್ಯಾಡ್ತಾಳ. ನಿಮ್ಮ ಹಂತ್ಯಾಕ ಕತ್ರಿ ಐತೆಲ್ಲ. ಅವತ್ತ ನನ್ನ ಉಸುರು ತಗದ್ರಿ, ಇವತ್ತ ಅಕೀನ್ನ ತಗೀರಿ. ನಂದಷ್ಟ ಉಳೀಲಿ."

ಕಂಪ್ಯೂಟರಿನಲ್ಲಿ ಒಂದು ಹಾಡು ತೆರೆದು, ದನಿಯ ಏರಿಳಿತ ಮೂಡಿದ ಗೆರೆ ತೋರಿಸಿದೆ. ಇಬ್ಬರಿಗೂ ಒಂದೇ ಮೈಕು ಇಟ್ಟಿದ್ದರಿಂದ ಗೆರೆಯೂ ಒಂದೇ. ಎಲ್ಲಿ ಅವಳದು ಮುಗಿಯಿತು, ಎಲ್ಲಿ ಇವಳದು ಶುರುವಾಯಿತು ಎಂದು ಬೆರಳಿಟ್ಟು ಹೇಳುವಂತಿರಲಿಲ್ಲ. "ನೋಡ್ರಿ ಯವ್ವಾ, ಬರಂಗಿಲ್ಲ. ನೀವು ಉಸುರು ತಗೊಳ್ಳೂ ಜ್ಯಾಗಾದಾಗ ಅಕೀ ದನಿ ನಿಂತೈತಿ. ಅದನ್ನ ಕಿತ್ತರ ನಿಮ್ದು ಉಳಿಯೂದಿಲ್ಲ."

ಹಂಪವ್ವ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಹೊಲದ ಬದು ಎಲ್ಲಿದೆ ಎಂದು ಹುಡುಕುವವರ ಹಾಗೆ ಒಂದೆರಡು ಕಡೆ ಬೆರಳಿಟ್ಟಳು, ತೆಗೆದಳು. ಐದನೆಯ ಹಾಡು ಹಚ್ಚಲು ಹೇಳಿದಳು. ದನಿ ಒಡೆದು, ಲೋಟ ಸಪ್ಪಳವಾಗಿ, ಮತ್ತೆ ಸೇರುವವರೆಗೆ ಕೇಳಿದಳು. ಆಮೇಲೆ ಸಿ.ಡಿ.ಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ನಾಲ್ಕು ಮೆಟ್ಟಿಲು ಇಳಿದವಳು ನಿಂತು, ಕತ್ತು ಮೇಲೆತ್ತಿ, ಆ ಹೊಸ ದಪ್ಪ ದನಿಯನ್ನು ಆದಷ್ಟು ಸಣ್ಣದು ಮಾಡಿ ಹೇಳಿದಳು:

"ಈ ಮಾತು ಅಕೀ ಮುಂದ ಹೇಳಬ್ಯಾಡ್ರಿ ಮತ್ತ."